ಬಿಳಿ ಎರಡರ ಶ್ರುತಿ

ರಾಯಚೂರು
೯ ಡಿಸೆಂಬರ್ ೧೯೪೫

ಯಪ್ಪಾ,

ನಿನ್ನ ಮಗಳು ಹುಲಗೆಮ್ಮ ಕಾಲು ಮುಟ್ಟಿ ಬರೆಯೋ ಕಾಗದ. ನಾನು ಆರಾಮ ಅದೀನಿ. ಅವ್ವನ ಕೆಮ್ಮು ಕಡಿಮಿ ಆತೇನು? ಕಳಿಸಿದ ಪುಡಿ ಬಿಸಿನೀರಿನಾಗ ಕುಡಿಯಾಕತ್ತಾಳೋ, ಇಲ್ಲಾ ಗೂಡಿನಾಗ ಇಟ್ಟು ಮರ್ತಾಳೋ?

ದವಾಖಾನಿಯೊಳಗ ಈಗ ಹೆರಿಗಿ ಭಾಳ. ನಿನ್ನೆ ಒಂದ ದಿನ ಐದು. ಇವತ್ತು ಐತವಾರ ಅಂತ ನಮ್ಮ ಡಾಕ್ಟರಮ್ಮ ಮಧ್ಯಾಹ್ನ ಊಟಕ್ಕ ತಮ್ಮ ಮನಿಗೆ ಕರೆದಿದ್ದರು. ನಿನಗ ಅವರ ಗುರುತು ಅದ. ಐದು ವರ್ಷದ ಹಿಂದ ದೇವದುರ್ಗಕ್ಕ ವಾಂತಿಬೇನಿ ಬಂದಾಗ ಕೆರಿ ದಂಡಿಗೆ ಡೇರೆ ಹಾಕಿ ಕುಂತಿದ್ದರಲ್ಲ, ಆ ಜರ್ಮನಿಯ ಯಹೂದಿ ಬಾಯಿ. ಅಲ್ಲಿಯ ಸರಕಾರ ಅವರ ಮಂದಿಯನ್ನ ಬೆನ್ನು ಹತ್ತಿ ಕೊಲ್ಲಾಕತ್ತಿದಾಗ ಒಂದು ಟ್ರಂಕು ಹಿಡಕೊಂಡು ಹಡಗು ಹತ್ತಿದವರು. ಆ ಟ್ರಂಕಿನಾಗ ಬಟ್ಟಿಗಿಂತ ಮೊದಲು ಇಟ್ಟದ್ದು ಮೂರು ಗ್ರಾಮಾಫೋನ್ ಪ್ಲೇಟು ಅಂತ ಹೇಳ್ತಾರ.

ಊಟ ಆದಮ್ಯಾಲ ಅವನ್ನ ಹಾಕ್ತಾರ. ಮಾತಿಲ್ಲ, ಹಾಡಿಲ್ಲ. ನಮ್ಮ ಹಾರ್ಮೋನಿಯಂ ಪೇಟಿಯಂಗ ಕರಿ ಬಿಳಿ ಮನಿ ಇರೋ ಒಂದು ವಾದ್ಯ, ಆದರ ಗಾಳಿಯಿಂದ ನುಡಿಯೂದಿಲ್ಲ, ಒಳಗ ತಂತಿ ಅದಾವ. ಮನಿ ಒತ್ತಿದರ ಹಕ್ಕಿ ಗರಿಯ ಚೂಪು ಬಂದು ತಂತಿ ಮೀಟಿ ಹೋಗ್ತದಂತ. ಅದರ ಸುತ್ತ ಹತ್ತಾರು ಪಿಟೀಲು. ಅದು ಒಂದು ಮಾತು ಹೇಳ್ತದ, ಪಿಟೀಲು ಎಲ್ಲಾ ಕೂಡಿ ಜವಾಬು ಕೊಡ್ತಾವ. ಅಣ್ಣ ಪೇಟಿ ಹಿಡಿದು ಒಂದು ಸಾಲು ಬಿಟ್ಟರ ಭಜನಿ ಮ್ಯಾಳದವರು ಎತ್ತಿಕೊಳ್ಳತಿದ್ದರಲ್ಲ, ಥೇಟ್ ಹಂಗ. ಎರಡು ನೂರು ವರ್ಷದ ಹಿಂದ ಅವರ ದೇಶದ ಗುಡಿಯ ಪೇಟಿ ಮಾಸ್ತರ ಒಬ್ಬ ಕಟ್ಟಿದ್ದಂತ.

ಕೇಳಾಕತ್ತಿದರ ನನಗ ಕಣ್ಣಾಗ ನೀರು ಬರ್ತಾವ. ಆದರ ಅದು ದುಃಖದ್ದೋ ಅಲ್ಲೋ ತಿಳೀವಲ್ದು. ನೀ ಇದ್ದರ ಒಂದ ಸಲ ಕೇಳಿ ಹೇಳ್ತಿದ್ದಿ. ಇದು ಯಾವ ರಾಗ ಇರಬೇಕು ಯಪ್ಪಾ?

ಅಣ್ಣನ ಖಬರು ಏನರೆ ಬಂತೇನು ಅಂತ ಅವ್ವ ಕೇಳ್ಯಾಳ. ಲಡಾಯಿ ಮುಗಿದು ನಾಕು ತಿಂಗಳಾತು, ಫೌಜಿನವರ ಕಾಗದ ಒಂದೊಂದ ಬರಾಕತ್ತಾವ ಅಂತ ಇಲ್ಲಿ ಮಂದಿ ಮಾತಾಡ್ತಾರ. ಇವತ್ತಿಗೆ ನನಗ ಇಷ್ಟ ಬರೆಯಾಕ ಆಗೋದು.

ನಿನ್ನ ಹುಲಗಿ


ದೇವದುರ್ಗ
೨೭ ಡಿಸೆಂಬರ್ ೧೯೪೫

ಹುಲಗೀ,

ನಿನ್ನ ಕಾಗದ ಬಂತು. ಅವ್ವಗ ಓದಿ ಹೇಳೀನಿ. ಪುಡಿ ಕುಡಿಯಾಕತ್ತಾಳ, ಕಹಿ ಅಂತ ನಿನ್ನ ಬೈಕೋತ ಕುಡೀತಾಳ. ಅಣ್ಣನ ಸುದ್ದಿಗೆ ನೀ ಫೌಜಿನ ಕಚೇರಿಗೆ ಹೋಗಿ ಕೇಳಬೇಕಂತ ಹೇಳ್ಯಾಳ.

ಒಂದು ಮಾತು. ನನಗ ಹಾಡು, ರಾಗ, ಮ್ಯಾಳ ಅಂತ ಬರೀಬ್ಯಾಡ. ಪೇಟಿ ಗೋಣಿಚೀಲದಾಗ ಕಟ್ಟಿ ಅಟ್ಟದ ಮ್ಯಾಲ ಇಟ್ಟು ನಾಕು ವರ್ಷ ಆತು. ದೊಡ್ಡಾಟದವರು ಎರಡು ಸಲ ಬಂದು ಕರೆದರು, ಹೋಗಲಿಲ್ಲ. ಯಾಕಂತ ನಿನಗ ಗೊತ್ತದ. ಗಂಡ ಸತ್ತು ಮನಿಗೆ ಬಂದ ಹುಡುಗಿ ನೀನು. ನಿನ್ನ ಕರ್ಕೊಂಡು ಹೋಗಿ ಆ ಪರದೇಶದ ಬಾಯಿ ಕೈಗೆ ಕೊಟ್ಟು, ‘ಇಕಿ ನರ್ಸ್ ಕೆಲಸ ಕಲೀತಾಳ’ ಅಂತ ಬಂದು ಹೇಳಿದ ನಿನ್ನ ಅಣ್ಣ ಮಾರೆಪ್ಪ. ಮಂದಿ ರಕ್ತ ತೊಳಿಯಾಕ ಕಳಿಸಿ ಬಂದಿ ಅಂತ ಮ್ಯಾಳದವರ ಮುಂದ ಅವನ ಜೋಡಿ ಜಗಳ ತಗದೆ. ಒಂದು ವರ್ಷ ದಿನಾ ಅದ ಜಗಳ. ಕಡಿಗೆ ಒಂದು ದಿನ, ‘ಈ ಪೇಟಿ ಮ್ಯಾಲ ಇನ್ನ ನೀ ಕೈ ಇಡಬ್ಯಾಡ’ ಅಂದೆ. ಅವ ಮರುದಿನ ಸಿಕಂದರಾಬಾದಿಗೆ ಹೋಗಿ ಫೌಜಿನಾಗ ಹೆಸರು ಹಚ್ಚಿದ. ಸಿಂಗಾಪುರದಿಂದ ಒಂದು ಕಾಗದ ಬಂತು, ಅದೂ ನಿನಗ, ನನಗಲ್ಲ.

ಈಗ ನೋಡಿದರ ಮಾರೆಪ್ಪ ಮಾಡಿದ್ದ ಸರಿ ಇತ್ತು. ಅದನ್ನ ಅವನಿಗೆ ಹೇಳೋ ತನಕ ನನಗ ಯಾವ ಸ್ವರವೂ ಬ್ಯಾಡ.

ಅಪ್ಪ ಆದೆಪ್ಪ

ಅದು ಯಾವ ಶ್ರುತಿಯೊಳಗ ಅದ? ಲಯ ಎಷ್ಟು ಇರಬಹುದು? ಸುಮ್ಮನ ಕೇಳಿದೆ.


ರಾಯಚೂರು
೨೦ ಜನವರಿ ೧೯೪೬

ಯಪ್ಪಾ,

ನೀ ಬೈದದ್ದನ್ನ ಒಂದು ಸಲ ಓದಿದೆ, ಹೆಸರಿನ ಕೆಳಗ ಬರೆದದ್ದನ್ನ ಹತ್ತು ಸಲ ಓದಿದೆ.

ಲಯ ಎಷ್ಟು ಅಂತ ನಾ ಹೆಂಗ ಹೇಳಬೇಕು? ಆಮ್ಯಾಲ ಹೊಳೀತು. ನಾಡಿ ನೋಡೋ ಗಡಿಯಾರ ಸೆರಗಿಗೆ ಸಿಗಿಸಿಕೊಂಡೇ ಇರ್ತೀನಿ. ಇವತ್ತು ಪ್ಲೇಟು ಹಾಕಿದ ಕೂಡಲೆ, ಜಡ್ಡಿನವರ ಮುಂಗೈ ಹಿಡಿದಂಗ ಕುಂತು ಎಣಿಸಿದೆ. ಡಾಕ್ಟರಮ್ಮ ನಕ್ಕರು. ‘ಇದಕ್ಕೆ ಜ್ವರ ಇದೆಯಾ?’ ಅಂದರು.

ಒಟ್ಟು ಮೂರು ಭಾಗ ಅದಾವ. ಮೊದಲನೇದು ನಿಮಿಷಕ್ಕ ಎಂಬತ್ತಾರು. ಶುರುವಿಗೆ ಎಲ್ಲಾ ವಾದ್ಯ ಕೂಡಿ ಒಂದ ಸಾಲು ನುಡಿಸ್ತಾವ, ಯಾವುದೂ ಬ್ಯಾರೆ ದಾರಿ ಹಿಡಿಯೂದಿಲ್ಲ. ಸಿಟ್ಟಿಗೆದ್ದು ಮನಿ ಬಿಟ್ಟು ಹೊಂಟವರ ಹೆಜ್ಜಿ ಇದ್ದಂಗ. ಆಮ್ಯಾಲ ತಂತಿಪೇಟಿ ಒಂದ ಬಿಡಿಸಿಕೊಂಡು ಓಡ್ತದ, ಉಳಿದವು ಹಿಂದಿಂದ ಕರೀತಾವ.

ಎರಡನೇದು ನಿಧಾನ. ನಲವತ್ತೆಂಟು. ವಾರ್ಡಿನೊಳಗ ಇಂಥ ನಾಡಿ ಸಿಕ್ಕರ ನಾ ಓಡಿಹೋಗಿ ಡಾಕ್ಟರಮ್ಮನ್ನ ಕರೀತೀನಿ. ಕೆಳಗಿನ ಸ್ವರದಾಗ ಪಿಟೀಲುಗಳು ಒಂದ ಮಾತನ್ನ ತಿರುತಿರುಗಿ ಹೇಳ್ತಾವ. ಮ್ಯಾಲ ತಂತಿಪೇಟಿ ಒಂಟಿಯಾಗಿ ಮಾತಾಡ್ತದ. ಏನೋ ಹೇಳಬೇಕು ಅಂತ ಬಂದು, ಬಾಯಿ ಬರದ ಅಂಗಳದಾಗ ಸುತ್ತು ಹೊಡದಂಗ.

ಮೂರನೇದು ಮತ್ತ ಜೋರು. ಎಣಿಸೋದರಾಗ ಆಯಾ ಅಂಬಮ್ಮ ಬಂದು ಕರೆದಳು, ಹೆರಿಗಿಗೆ ಓಡಿದೆ. ಹೆಣ್ಣು ಕೂಸು.

ಒಂದು ತೊಂದರಿ ಅಂದ್ರ, ಪ್ಲೇಟು ನಾಕು ನಿಮಿಷಕ್ಕ ಮುಗೀತದ. ಮಾತಿನ ನಡಕ ಎದ್ದು ತಿರುವಿ ಹಾಕಬೇಕು, ಸೂಜಿ ಬದಲಿ ಮಾಡಬೇಕು, ಕೀಲಿ ಕೊಡಬೇಕು. ಆ ಖಾಲಿ ಹೊತ್ತಿನಾಗ ಡಾಕ್ಟರಮ್ಮ ಕಣ್ಣು ತೆರಿಯೂದಿಲ್ಲ.

ಶ್ರುತಿ ಗೊತ್ತಿಲ್ಲ. ಕವರಿನ ಮ್ಯಾಲ ಇಂಗ್ಲಿಷಿನಾಗ ‘ಡಿ’ ಅಂತ ಬರೆದಾರ. ಪೇಟಿಯೊಳಗ ಅದು ಯಾವ ಮನಿ?

ಅವ್ವ ಫೌಜಿನ ಕಚೇರಿಗೆ ನಾ ಹೋಗಿ ಕೇಳಬೇಕು ಅಂತ ಹೇಳ್ಯಾಳಂತ ಬರೆದಿದ್ದಿ. ಕೇಳೀನಿ ಅಂತ ಹೇಳು.

ಹುಲಗಿ


ದೇವದುರ್ಗ
೧೦ ಫೆಬ್ರವರಿ ೧೯೪೬

ಮಗಳ,

‘ಡಿ’ ಅಂದ್ರ ಬಿಳಿ ಎರಡು, ಪೇಟಿಯ ಎರಡನೇ ಬಿಳಿ ಮನಿ. ನಾಟಕ ಕಂಪನಿಯ ಮಾಸ್ತರ ಒಬ್ಬ ನನಗ ಪೇಟಿ ಕಲಿಸಿದ, ಇಂಗ್ಲಿಷ್ ಹೆಸರೂ ಅವನ ಹೇಳಿಕೊಟ್ಟಾನ.

ಪೇಟಿಯೊಳಗ ಇಲಿ ಹೊಕ್ಕಾವೇನೋ ನೋಡೋಣ ಅಂತ ಅಟ್ಟದಿಂದ ಇಳಿಸಿದೆ. ಇಲಿ ಇರಲಿಲ್ಲ. ನಿನ್ನವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ತಿರುಗಿ ನೋಡಿದಳು. ಮತ್ತ ರೊಟ್ಟಿ ಬಡಿಯಾಕ ಹತ್ತಿದಳು.

ಒಂದು ಕೆಲಸ ಮಾಡೀನಿ. ಪೇಟಿ ಬಿಚ್ಚಿ ಬಿಳಿ ಎರಡರ ಹಿತ್ತಾಳಿ ರೀಡು ತಗದು, ಅರಿವಿ ತುಂಡಿನಾಗ ಸುತ್ತಿ ಈ ಲಕ್ಕೋಟಿಯೊಳಗ ಇಟ್ಟೀನಿ. ತುಟಿಗೆ ಹಿಡಿದು ಮೆತ್ತಗ ಉಸಿರು ಬಿಡು. ಜೋರು ಊದಿದರ ಅದು ಸುಳ್ಳು ಹೇಳ್ತದ. ಪ್ಲೇಟಿನ ಹಾಡು ಮುಗಿಯೋ ಮುಂದ ಯಾವ ಸ್ವರದ ಮ್ಯಾಲ ಕುಂದರತದ ಅದನ್ನ ಹಿಡಿ, ಅದ ‘ಸಾ’. ಎರಡೂ ಕೂಡ್ತಾವೋ ಇಲ್ಲೋ ನೋಡು. ಕೂಡದಿದ್ದರ ಯಂತ್ರ ಬರೋಬ್ಬರಿ ತಿರುಗಾಕತ್ತಿಲ್ಲ. ಪ್ಲೇಟು ನಿಧಾನ ತಿರುಗಿದರ ಲಯ ಒಂದ ಅಲ್ಲ, ಶ್ರುತಿನೂ ಕೆಳಗ ಬೀಳ್ತದ, ಹಾಡಿನ ಮುಖಾನೂ ಬ್ಯಾರೆ ಆಗ್ತದ. ಸಣ್ಣ ತಿರುಪು ಇರಬೇಕು, ವೇಗ ಹೆಚ್ಚು ಕಡಿಮಿ ಮಾಡಾಕ.

ಬಿಳಿ ಎರಡು ಮಾರೆಪ್ಪನ ಶ್ರುತಿ. ಅವನ ಗಂಟಲ ಅಲ್ಲೇ ಕುಂತಿತ್ತು. ಎಷ್ಟು ಎಳದರೂ ಮ್ಯಾಲ ಬರ್ತಿರಲಿಲ್ಲ, ಕೆಳಗ ಇಳೀತಿರಲಿಲ್ಲ.

ರೀಡು ಜೋಪಾನ, ನೋಡಿದ ಕೂಡಲೆ ತಿರುಗಿ ಕಳಿಸು. ಪೇಟಿ ಹಲ್ಲು ಬಿದ್ದ ಮುದುಕನಂಗ ಕಾಣ್ತದ.

ಆದೆಪ್ಪ


ರಾಯಚೂರು
೩ ಮಾರ್ಚ್ ೧೯೪೬

ಯಪ್ಪಾ,

ರೀಡು ಇದರೊಳಗ ಅದ. ಒಂದು ಗೆರಿ ಸೈತ ಬಿದ್ದಿಲ್ಲ.

ಇವತ್ತು ಏನಾತು ಅಂತ ಎಲ್ಲಾ ಬರೀತೀನಿ. ಮೊದಲ ಭಾಗದ ಕಡಿಗೆ ಹಾಡು ಬಂದು ನಿಂತಿತು. ನಾ ರೀಡು ತುಟಿಗೆ ಹಿಡಿದು ಮೆತ್ತಗ ಉಸಿರು ಬಿಟ್ಟೆ. ಕೂಡಲಿಲ್ಲ. ಪ್ಲೇಟು ಅರ್ಧ ಮೆಟ್ಟಲು ಕೆಳಗಿತ್ತು. ನಿನ್ನ ಲೆಕ್ಕದಾಗ ಕರಿ ಒಂದು.

‘ನಿಮ್ಮ ಯಂತ್ರ ತಪ್ಪು ಹೇಳ್ತದ ಅಂತ ನಮ್ಮಪ್ಪ ದೇವದುರ್ಗದಿಂದ ಬರೆದಾನ’ ಅಂದೆ. ಡಾಕ್ಟರಮ್ಮ ನಂಬಲಿಲ್ಲ. ಎದ್ದು ಬಂದು ತಿರುಪು ಹಿಡಿದರು. ನಾ ಊದತಾ ಹೋದೆ, ಅವರು ಕೂದಲಷ್ಟು ಕೂದಲಷ್ಟು ತಿರುವತಾ ಹೋದರು. ಎರಡೂ ಸ್ವರ ಒಂದಕ್ಕೊಂದು ತಿಕ್ಕಾಡಿ, ನಡುಗಿ, ಒಮ್ಮೆಲೆ ಸುಮ್ಮನಾದವು. ಒಂದ ಸ್ವರ ಆತು. ಪ್ಲೇಟು ಮತ್ತ ಮೊದಲಿಂದ ಹಾಕಿದರು. ನಾ ಗಡಿಯಾರ ಹಿಡಿದೆ. ತೊಂಬತ್ತೊಂದು, ಯಪ್ಪಾ. ನಿಧಾನದ್ದು ಐವತ್ತೊಂದು. ಎಣಿಸಿದರ ಐದು, ಮೂರು, ಅಷ್ಟ ಫರಕು. ಕೇಳಿದರ ಬ್ಯಾರೆ ಹಾಡು. ಮೊದಲು ಅದು ಕಾಲು ಎಳಕೊಂಡು ಬರ್ತಿತ್ತು. ಈಗ ಎದಿ ಮುಂದ ಮಾಡಿ ಬಂತು.

ಡಾಕ್ಟರಮ್ಮ ಗ್ವಾಡಿ ಹಿಡಕೊಂಡು ನಿಂತರು. ‘ನಮ್ಮಮ್ಮ ನುಡಿಸುತ್ತಿದ್ದ ವೇಗ ಇದು’ ಅಂದರು. ‘ಇಲ್ಲಿಯ ಬಿಸಿಲಿಗೆ ಸ್ಪ್ರಿಂಗು ಸಡಿಲಾಗಿದೆ. ನನಗೆ ಗೊತ್ತೇ ಆಗಲಿಲ್ಲ. ಇದು ಅಳುವ ಸಂಗೀತ ಅಲ್ಲ ಹುಲಗೆಮ್ಮ. ನಾನೇ ಇಷ್ಟು ವರ್ಷ ಇದನ್ನು ಅಳಿಸಿದೆ.’

ಆಮ್ಯಾಲ ಕುಂದರಿಸಿಕೊಂಡು ಹೇಳಿದರು. ಹೋದ ವಾರ ಅವರಿಗೆ ಲಂಡನ್ನಿನಿಂದ ಒಂದು ಕಾಗದ ಬಂದದ. ಅವರ ತಾಯಿಯನ್ನ ನಾಕು ವರ್ಷದ ಹಿಂದನ ರೈಲಿನಾಗ ತುಂಬಿ ಒಯ್ದು ಕೊಂದಾರ. ಗೋರಿ ಸೈತ ಇಲ್ಲ. ಆ ಕಾಗದ ಬರೆದ ಅವರ ಚಿಕ್ಕಪ್ಪನ ಮಗಳಿಗೆ ಒಂದು ವರ್ಷದಿಂದ ಗೊತ್ತಿತ್ತಂತ. ‘ನೋವಾಗಬಾರದು ಅಂತ ಸುಮ್ಮನಿದ್ದಳಂತೆ. ನಾನು ತಿಂಗಳಾ ತಿಂಗಳಾ ಅಮ್ಮನಿಗೆ ಕಾಗದ ಬರೆದೆ. ಸತ್ತವಳಿಗೆ ಬರೆಯುತ್ತಾ ಇದ್ದೆ. ಅವಳ ಆ ದಯೆ ನನಗೆ ಬೇಡವಾಗಿತ್ತು’ ಅಂದರು. ಹಂಗಂದು ನನ್ನ ಮುಖ ನೋಡಿದರು.

ನಾ ಎದ್ದು ಪ್ಲೇಟು ಕವರಿನಾಗ ಇಟ್ಟೆ.

ಸ್ವರ ಬರೀತೀನಿ. ಗಂಧಾರ ಕೋಮಲ, ಧೈವತ ಕೋಮಲ. ನಿಷಾದ ಮ್ಯಾಲ ಏರೋ ಮುಂದ ಶುದ್ಧ, ಇಳಿಯೋ ಮುಂದ ಕೋಮಲ. ನಿಧಾನದ್ದರ ಕೆಳಗಿನ ಸಾಲು ಬ್ಯಾರೆ ಹಾಳಿಯೊಳಗ ಬರೆದು ಇಟ್ಟೀನಿ, ತಪ್ಪಿದ್ದರ ತಿದ್ದಿಕೋ.

ಇನ್ನೊಂದು ಬರೀಬೇಕಂತ ಇತ್ತು. ಹಾಳಿ ಮುಗೀತು.

ಹುಲಗಿ


ದೇವದುರ್ಗ
೨೨ ಮಾರ್ಚ್ ೧೯೪೬

ಹುಲಗೀ, ನನ್ನವ್ವಾ,

ರೀಡು ಮುಟ್ಟಿತು. ಹಾಕಿದೆ. ನುಡಿಸಿದೆ!

ನೀ ಹೇಳಿದ ಸ್ವರ ಒಮ್ಮೆ ಅಸಾವರಿ ಅನಸ್ತದ, ನಿಷಾದ ಶುದ್ಧ ಬಂದಾಗ ಕೀರವಾಣಿ ಆಗ್ತದ. ಎರಡರ ನಡಕ ಬಾಗಲಾ ತಗದು ಇಟ್ಟಾನ ಆ ಗುಡಿ ಮಾಸ್ತರ. ಭಾರಿ ಶಾಣ್ಯಾ ಮನುಷ್ಯ. ಕೆಳಗಿನ ಸಾಲು ಬೆರಳಿಗೆ ಕುಂತದ. ಮ್ಯಾಲಿಂದು ನನ್ನ ಕೈಗೆ ಬರೂದಿಲ್ಲ, ಅದಕ್ಕ ಎರಡೂ ಕೈ ಬೇಕು, ನನಗ ಒಂದು ಕೈ ಗಾಳಿ ಹಾಕೋದರಾಗ ಹೋಗ್ತದ. ಮಾರೆಪ್ಪ ಇದ್ದರ ಇಬ್ಬರೂ ಕೂಡಿ ನುಡಿಸಬಹುದಿತ್ತು, ನಾ ಕೆಳಗಿಂದು, ಅವ ಮ್ಯಾಲಿಂದು.

ಮೌನಪ್ಪ ತಬಲಾ ತಗೊಂಡು ತಾನ ಬಂದ. ನಾಕು ವರ್ಷದ ಮ್ಯಾಲ ನಮ್ಮ ಮನಿ ಮುಂದ ಭಜನಿ ಆತು. ನಿನ್ನವ್ವ ಬಾಗಲದಾಗ ನಿಂತು ಕೇಳಿದಳು. ಆಮ್ಯಾಲ ಒಳಗ ಹೋಗಿ ಮಾರೆಪ್ಪನ ಧೋತರ, ಅಂಗಿ ಎಲ್ಲಾ ತಗದು ಬಿಸಿಲಿಗೆ ಹಾಕಿದಳು. ‘ಪೇಟಿ ಇಳೀತು, ಇನ್ನ ಅವ ಬರ್ತಾನ’ ಅಂದಳು. ಹೌದು ಅಂದೆ ನಾನೂ.

ಅವ ಬಂದರ ನಾ ಏನು ಮಾಡ್ತೀನಿ ಗೊತ್ತೇನು? ಏನೂ ಕೇಳೂದಿಲ್ಲ. ಪೇಟಿ ಅವನ ಮುಂದ ಇಟ್ಟು, ಮ್ಯಾಳದ ಮಂದಿ ಎಲ್ಲಾರ ಎದುರಿಗೆ ‘ತಪ್ಪು ನಂದು’ ಅಂತೀನಿ. ಅವರ ಎದುರಿಗೇ ಬೈದದ್ದು, ಅವರ ಎದುರಿಗೇ ಹೇಳಬೇಕು.

ಯುಗಾದಿಗೆ ಬಾ. ಖರೇನ ಬಾ.

ನಿನ್ನಪ್ಪ


ಮಾನ್ವಿ
೨೧ ಏಪ್ರಿಲ್ ೧೯೪೬

ಯಪ್ಪಾ,

ಯುಗಾದಿಗೆ ಬರಲಿಲ್ಲ. ಮಾನ್ವಿ ಸುತ್ತಲಿನ ಹಳ್ಳಿಗೆ ವಾಂತಿಬೇನಿ ಬಂದದ, ಸೂಜಿ ಹಾಕಾಕ ನಮ್ಮನ್ನ ಕಳಿಸ್ಯಾರ ಅಂತ ಚೀಟಿ ಬರೆದಿದ್ದೆ. ಅದು ಖರೆ. ಆದರ ಸೂಜಿ ಕೆಲಸ ಇರದಿದ್ದರೂ ನಾ ಬರ್ತಿರಲಿಲ್ಲ. ನಿನ್ನ ಮಾರ್ಚಿನ ಕಾಗದ ಓದಿದ ಮ್ಯಾಲ ನಿನ್ನ ಮುಂದ ಬಂದು ನಿಂದ್ರೋ ಧೈರ್ಯ ನನಗ ಇರಲಿಲ್ಲ.

ಇದನ್ನ ಓದೋ ಮೊದಲು ಕುಂದರು. ಅವ್ವನ ಮುಂದ ಗಟ್ಟಿಯಾಗಿ ಓದಬ್ಯಾಡ.

ಅಣ್ಣ ಇಲ್ಲ, ಯಪ್ಪಾ. ತೀರಿಕೊಂಡಾನ. ಈಗಲ್ಲ, ಮೂರು ವರ್ಷದ ಹಿಂದ, ೪೩ರ ಜೂನ್ ತಿಂಗಳದಾಗ. ಸಿಂಗಾಪುರ ಬಿದ್ದಾಗ ಜಪಾನಿನವರು ಸೆರಿ ಹಿಡಿದು ಒಂದು ನಡುಗಡ್ಡಿಗೆ ಒಯ್ದಿದ್ದರು. ಅಲ್ಲಿ ರಕ್ತಭೇದಿ ಆಗಿ ಸತ್ತ. ಫೌಜಿನ ಕಾಗದ ನನ್ನ ಹೆಸರಿಗೆ ಬಂತು, ಹೋದ ವರ್ಷ ನವೆಂಬರ್ ೨೩ಕ್ಕ. ಅವ ನನ್ನ ವಿಳಾಸ ಬರೆಸಿದ್ದ. ಡಾಕ್ಟರಮ್ಮ ಓದಿ ಹೇಳಿದರು. ಅವತ್ತಿಂದ ಪ್ರತಿ ಐತವಾರ ‘ನಿಮ್ಮ ತಂದೆಗೆ ಬರೆದೆಯಾ?’ ಅಂತ ಕೇಳ್ತಿದ್ದರು.

ಬರೆಯಾಕ ಕುಂತೆ. ಡಿಸೆಂಬರಿನಾಗ ಆ ಮೊದಲ ಕಾಗದ ಬರೆದದ್ದು ಇದನ್ನ ಹೇಳಾಕಂತನ. ಕೈ ಬರಲಿಲ್ಲ. ಪ್ಲೇಟಿನ ಸುದ್ದಿ ಬರೆದೆ. ನೀ ಲಯ ಕೇಳಿದಿ. ಮುಂದಿನ ಸಲ ಹೇಳೋಣ ಅಂದುಕೊಂಡೆ. ನೀ ಪೇಟಿ ಇಳಿಸಿದಿ. ಅಯ್ಯೋ, ಈಗ ಹೆಂಗ ಹೇಳಲಿ, ಒಂದ ತಿಂಗಳು ನುಡಿಸಲಿ ಅಂತ ಬಿಟ್ಟೆ. ಹಿಂಗ ಐದು ತಿಂಗಳು ನಿನ್ನ ಕೈಯಾಗ ಸ್ವರ ಕೊಟ್ಟು ಕುಂದರಿಸಿದೆ. ಡಾಕ್ಟರಮ್ಮ ತಮ್ಮ ತಾಯಿ ಮಾತು ಹೇಳಿದ ದಿನ ನಾ ಏನು ಮಾಡೀನಿ ಅಂತ ನನಗ ತಿಳೀತು. ತಿಳಿದ ಮ್ಯಾಲೂ ಒಂದೂವರಿ ತಿಂಗಳು ತಗೊಂಡೆ.

ಇವತ್ತು ಬರೆಯಾಕ ಒಬ್ಬ ಮನುಷ್ಯ ಕಾರಣ. ಮೊನ್ನೆ ಹಿರೇಕೊಟ್ನೆಕಲ್‌ದಾಗ ಸೂಜಿ ಹಾಕಾಕತ್ತಿದ್ದೆ. ಮೂವತ್ತರ ಗಂಡಸು ಒಬ್ಬ ಬಂದ, ಮೈ ಮ್ಯಾಲ ಮಾಂಸ ಇಲ್ಲ, ಕಾಲಾಗ ಮಾಯಲಾರದ ಹುಣ್ಣು. ನನ್ನ ಮಾತು ಕೇಳಿ, ‘ದೇವದುರ್ಗದಾಕಿ ಏನವ್ವಾ? ಅಲ್ಲಿ ಪೇಟಿ ಆದೆಪ್ಪ ಅಂತ ಅದಾರೇನು?’ ಅಂದ.

‘ನಮ್ಮಪ್ಪ’ ಅಂದೆ.

ಸೂಜಿಗೆ ಚಾಚಿದ ತನ್ನ ತೋಳು ಹಂಗ ಹಿಡಕೊಂಡು ನನ್ನ ನೋಡಿದ. ‘ಹಂಗಾದರ ನೀ ಹುಲಗಿ’ ಅಂದ.

ಅವನ ಹೆಸರು ಗಡಿಗೆಪ್ಪ. ಅಣ್ಣನ ಜೋಡಿ ಒಂದ ಪಲ್ಟನ್ನಿನಾಗ ಇದ್ದವ, ಒಂದ ಸೆರಿಯೊಳಗ ಇದ್ದವ. ಜನವರಿಯೊಳಗ ಊರು ಮುಟ್ಯಾನ. ಬೇವಿನ ಗಿಡದ ಕೆಳಗ ಕುಂತು ಹೇಳಿದ. ಅಲ್ಲಿ ಕೆಲಸ ಬಿಟ್ಟ ಮ್ಯಾಲ ನಮ್ಮ ಕಡಿ ಮಂದಿ ನಾಕೈದು ಜನ ಕೂಡಿ ಭಜನಿ ಮಾಡ್ತಿದ್ದರಂತ. ಪೇಟಿ ಇಲ್ಲ, ತಾಳ ಇಲ್ಲ. ಅಣ್ಣ ಬಾಯಿಲೆ ಶ್ರುತಿ ಕೊಡ್ತಿದ್ದ. ಯಾರರೆ ಶ್ರುತಿ ತಪ್ಪಿದರ, ‘ಆ ಬಾಯಿಗೆ ಮಣ್ಣು ಹಾಕ್ರಿ ಮೊದಲ!’ ಅಂತ ಚೀರತಿದ್ದನಂತ. ಎಲ್ಲಾರೂ ಹೆದರಿ ಸುಮ್ಮನಾದ ಕೂಡಲೆ ನಕ್ಕು, ‘ಇದು ನಂದಲ್ಲೋ, ನಮ್ಮಪ್ಪನ ಮಾತು’ ಅಂತಿದ್ದನಂತ. ನಿನ್ನ ಮ್ಯಾಲ ಒಂದು ಕೆಟ್ಟ ಮಾತು ಆಡಿದ್ದು ಗಡಿಗೆಪ್ಪ ಕೇಳಿಲ್ಲ.

ಕಡಿಯ ಎಂಟು ದಿನ ಅಣ್ಣಗ ಎದ್ದು ಕುಂದರಾಕ ಆಗಲಿಲ್ಲಂತ. ಮುಂಜಾನಿ ಹೊತ್ತಿನಾಗ ಗಡಿಗೆಪ್ಪನ ತೊಡಿ ಮ್ಯಾಲ ತಲಿ ಇಟ್ಟು ಜೀವ ಬಿಟ್ಟ. ಅಲ್ಲೇ ಮಣ್ಣು ಮಾಡ್ಯಾರ. ಮ್ಯಾಲ ಕಲ್ಲು ಇಟ್ಟು ಬಂದೀನಿ ಅಂದ.

ಬೈಯಿ, ಯಪ್ಪಾ. ಏನರೆ ಬರಿ.

ಹುಲಗಿ


ರಾಯಚೂರು
೧೬ ಜೂನ್ ೧೯೪೬

ಯಪ್ಪಾ,

ಎರಡು ತಿಂಗಳಾತು, ಇದು ನಾಕನೇ ಕಾಗದ. ಕಾಗದ ಮುಟ್ಯಾವ ಅಂತ ಟಪಾಲಿನ ಶರಣಯ್ಯ ಹೇಳಿದ. ‘ಆದೆಪ್ಪ ಆರಾಮ ಅದಾನ, ದಿನಾ ಹೊಲಕ್ಕ ಹೋಗ್ತಾನ’ ಅಂದ. ಅಷ್ಟು ಕೇಳಿ ಸಮಾಧಾನ ಮಾಡಿಕೊಂಡೀನಿ.

ಅಣ್ಣ ಇಲ್ಲದ ಮೂರು ವರ್ಷ ತುಂಬೋ ತಿಂಗಳು ಇದು. ತಾರೀಖು ಯಾರಿಗೂ ಗೊತ್ತಿಲ್ಲ. ಹಿಂಗಾಗಿ ನನಗ ದಿನಾ ಆ ದಿನ ಆಗ್ಯಾದ.

ಡಾಕ್ಟರಮ್ಮ ಪ್ಲೇಟು ಹಾಕ್ತಾರ, ನಾ ಹೋಗೂದಿಲ್ಲ. ನಿಧಾನದ್ದು ನಿನಗ ಕಳಿಸಿದ ಮ್ಯಾಲ ಅದು ನಿನ್ನದು. ನೀ ಒಂದು ಮಾತು ಬರೆಯೋ ತನಕ ನಾ ಅದನ್ನ ಕೇಳೂದಿಲ್ಲ.

ಹುಲಗಿ


ದೇವದುರ್ಗ
೧೧ ಆಗಸ್ಟ್ ೧೯೪೬

ಹುಲಗೀ,

ನಿನ್ನ ಮ್ಯಾಲ ನನಗ ಇದ್ದ ಸಿಟ್ಟು ಹೇಳಿದರ ಹಾಳಿ ಸುಡ್ತದ, ಹಂಗಾಗಿ ಬರೀಲಿಲ್ಲ. ಏಪ್ರಿಲ್‌ದಾಗ ನಿನ್ನ ಕಾಗದ ಹೊಲದಾಗ ಕುಂತು ಓದಿದೆ. ನನ್ನ ಮಗ ಮಣ್ಣಾಗಿದ್ದ, ನೀ ನನಗ ಕೋಮಲ ಗಂಧಾರ ಬರೆದು ಕಳಿಸಿದಿ. ನಾ ಹುಚ್ಚನಂಗ ಮನಿ ಮುಂದ ಭಜನಿ ಮಾಡಿಸಿದೆ, ಅವ ಬಂದರ ಹಂಗ ಮಾಡ್ತೀನಿ, ಹಿಂಗ ಮಾಡ್ತೀನಿ ಅಂತ ಬರೆದೆ. ಅದನ್ನ ನೀ ಓದಿದಿ. ಓದಿ ಹೆಂಗ ತಡಕೊಂಡಿ?

ಆಮ್ಯಾಲ ನಿನ್ನವ್ವಗ ಹೇಳಬೇಕಂತ ಮನಿಗೆ ಬಂದೆ. ಆಕಿ ಕಾಳು ಹಸನ ಮಾಡಾಕತ್ತಿದ್ದಳು. ‘ಹುಲಗಿ ಕಾಗದದಾಗ ಏನು ಬರೆದಾಳ?’ ಅಂದಳು. ‘ಮಾನ್ವಿಯೊಳಗ ಬಿಸಿಲು ಭಾಳಂತ’ ಅಂದೆ.

ಅಷ್ಟ ನೋಡು. ಅಷ್ಟರಾಗ ನಾನೂ ನಿನ್ನಂಗ ಆದೆ. ನೀ ಐದು ತಿಂಗಳು ಹೊತ್ತಿ, ನಾ ಮೂರೂವರಿ ತಿಂಗಳು ಹೊತ್ತೆ. ದಿನಾ ಆಕಿ ಮುಂದ ಕುಂತು ಉಂಡೆ. ‘ಪೇಟಿ ಯಾಕ ಮುಚ್ಚಿಟ್ಟಿ?’ ಅಂತ ಕೇಳಿದರ ಕೈ ನೋವು ಅಂದೆ. ಅವಾಗ ನಿನ್ನ ಮ್ಯಾಲಿನ ಸಿಟ್ಟು ದಿನಕ್ಕೊಂದಿಷ್ಟು ಇಳೀತು. ಇದು ಎಷ್ಟು ಭಾರ ಅಂತ ಹೊತ್ತ ಮ್ಯಾಲ ತಿಳೀತು.

ಪಂಚಮಿಗೆ ಉಂಡಿ ಕಟ್ಟಿದಳು. ನಾಕು ಉಂಡಿ ಬ್ಯಾರೆ ಡಬ್ಬಿಗೆ ಹಾಕಿ, ‘ಇವು ಮಾರೆಪ್ಪಂದು, ಮುಟ್ಟಬ್ಯಾಡ’ ಅಂದಳು. ನನಗ ತಡಿಯಾಕ ಆಗಲಿಲ್ಲ. ಅಲ್ಲೇ ಒಲಿ ಮುಂದ ನಿಂತು ಹೇಳಿಬಿಟ್ಟೆ.

ಆಕಿ ಅಳಲಿಲ್ಲ. ಉಳಿದ ಹಿಟ್ಟು ಪೂರಾ ಉಂಡಿ ಕಟ್ಟಿದಳು. ಕೈ ತೊಳಕೊಂಡಳು. ‘ಯಾವ ತಿಂಗಳು?’ ಅಂದಳು. ಜೂನ್, ಮೂರು ವರ್ಷದ ಹಿಂದ ಅಂದೆ. ಬೆರಳು ಮಡಿಚಿ ಎಣಿಸಿದಳು. ‘ಆ ವರ್ಷ ಪಂಚಮಿಗೆ ನಾ ಜೋಕಾಲಿ ಆಡೀನಿ’ ಅಂದಳು. ‘ಹುಲಗಿಗೆ ಎಂದಿನಿಂದ ಗೊತ್ತಿತ್ತು? ನಿನಗ?’ ಅಂತ ಕೇಳಿದಳು. ಹೇಳಿದೆ. ಅವಾಗ ಆಕಿ ಅಂದ ಮಾತು ಹಂಗ ಬರೀತೀನಿ. ‘ಅಪ್ಪ ಮಗಳು ಕೂಡಿ ನನ್ನ ಮಗನ ಸಾವನ್ನ ಹಂಚಿಕೊಂಡು ತಿಂದ್ರಿ. ಹಡದಾಕಿಗೆ ಒಂದು ಪಾಲು ಇಡಲಿಲ್ಲ.’

ಒಂಬತ್ತು ದಿನ ನನ್ನ ಜೋಡಿ ಮಾತಾಡಲಿಲ್ಲ. ದುಃಖಕ್ಕ ಬಂದ ಮಂದಿ ಜೋಡಿ ಮಾತಾಡಿದಳು, ಅತ್ತಳು, ನನ್ನ ಕಡಿ ತಿರುಗಿ ನೋಡಲಿಲ್ಲ. ನಾ ಮ್ಯಾಳದವರನ್ನ ಕರೆಸಿದೆ. ಅವನ ಮುಂದ ಹೇಳಬೇಕಂತ ಇದ್ದದ್ದನ್ನ ಅವರ ಮುಂದ ಹೇಳಿದೆ. ‘ನನ್ನ ಮಗಂದು ತಪ್ಪಿರಲಿಲ್ಲ. ತಪ್ಪು ನಂದು’ ಅಂದೆ. ಮೌನಪ್ಪ ನನ್ನ ಕೈ ಹಿಡಕೊಂಡ. ಅವ ಕೇಳಿದ, ಇವರು ಕೇಳಿದರು. ಕೇಳಬೇಕಾದವ ಕೇಳಲಿಲ್ಲ. ಅದು ಹಂಗ ಉಳೀತು, ಇನ್ನ ಯಾವ ಕಾಲಕ್ಕೂ ಹಂಗ ಉಳೀತದ.

ನೀ ಬರೆದ ಒಂದು ಸಾಲು ನನ್ನ ಉಳಿಸ್ಯಾದ. ಶ್ರುತಿ ತಪ್ಪಿದವರಿಗೆ ಅವ ನನ್ನ ಬೈಗುಳ ಬೈತಿದ್ದ ಅಂತ ಬರೆದಿಯಲ್ಲ. ಮಡಿಚಿ ಮಡಿಚಿ ಹಾಳಿ ಅಲ್ಲಿ ಹರದು ಹೋಗ್ಯದ.

ಪ್ಲೇಟು ಕೇಳು. ಬಿಟ್ಟು ಇರಬ್ಯಾಡ. ನಾ ಮುಂಜಾನಿ ಎದ್ದು ಕೆಳಗಿನ ಸಾಲು ನುಡಿಸ್ತೀನಿ, ಐವತ್ತೊಂದರ ಲಯದಾಗನ. ಮ್ಯಾಲಿಂದು ಖಾಲಿ ಬಿಡ್ತೀನಿ. ನಿನ್ನವ್ವ ಮೊದಲ ದಿನ ಎದ್ದು ಹಿತ್ತಲಿಗೆ ಹೋದಳು. ನಿನ್ನೆ ಹೋಗಲಿಲ್ಲ.

ಇವತ್ತು ಆಕಿ ತಾನ ಬಂದು ಬಾಜೂಕ ಕುಂತಾಳ. ‘ನಾ ಹೇಳಿದಂಗ ಬರಿ, ನಿಂದು ಸೇರಿಸಬ್ಯಾಡ’ ಅಂತಾಳ. ಇಲ್ಲಿಂದ ಆಕಿ ಮಾತು.

ಹುಲಗೀ, ನೀ ಮಾಡಿದ್ದು ತಪ್ಪು. ಸಿಟ್ಟು ಇಲ್ಲ ಅಂತ ಸುಳ್ಳು ಹೇಳೂದಿಲ್ಲ. ಸಿಟ್ಟು ಇಟಗೊಂಡ ಬರ್ತೀನಿ. ನಾಳೆ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ನಿನ್ನಪ್ಪನ ಜೋಡಿ ಸಿರವಾರದ ತನಕ ಬಂಡಿಯೊಳಗ, ಅಲ್ಲಿಂದ ಮೋಟಾರಿನಾಗ ಮಾನ್ವಿಗೆ ಬರ್ತೀವಿ. ನೀ ಅಲ್ಲಿಗೆ ಬಾ, ನನ್ನ ಹಿರೇಕೊಟ್ನೆಕಲ್‌ಗೆ ಕರ್ಕೊಂಡು ಹೋಗು. ಆ ಗಡಿಗೆಪ್ಪಗ ತಾಯಿ ಅದಾಳೇನು ಕೇಳಿ ಇಡು. ಇದ್ದರ ಆಕಿಗೆ ಮೊದಲ ಹೇಳು, ಹೊಸಬಾಕಿ ಒಬ್ಬಾಕಿ ಬಂದು ನಿನ್ನ ಮಗನಿಗೆ ಒಂದು ಸಲ ನೀರು ಎರೀತಾಳ, ಬ್ಯಾಡ ಅನಬ್ಯಾಡ ಅಂತ. ನೀರು ನಾನ ಕಾಸ್ತೀನಿ. ಅವನ ಕಾಲು, ನನ್ನ ಮಗ ತಲಿ ಇಟ್ಟ ಅವನ ತೊಡಿ, ಎರಡೂ ಕೈ ತೊಳೀತೀನಿ. ನನ್ನ ಮಗನ ಮೈ ತೊಳಿಯಾಕ ನನಗ ಸಿಗಲಿಲ್ಲ.

ಯಮನಮ್ಮ ಹೇಳಿದ್ದು
ಆದೆಪ್ಪ ಬರೆದದ್ದು